ನಿಂಗಾಜಮ್ಮನ ಏಳು ಮಾರಿನ ಮುಚ್ಚಳಿಕೆ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಚೊಕ್ಕಟಪುರ ಅಂತ ಹೇಳಿಬಿಟ್ಟರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ, ಅಂಥ ಒಂದು ಊರಿನಲ್ಲಿ ಜೋಪಾನರಾಯ ಅಂತ ಒಬ್ಬ ರಾಜ ಇದ್ದ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ನಾನು ಗೋಡೆಗೆ ಕತೆ ಹೇಳಿದ ಹಾಗಾಗುತ್ತೆ. ಗೋಡೆಗೆ ಈ ಕತೆ ಆಗಲೇ ಗೊತ್ತು.

ಈ ಜೋಪಾನರಾಯನಿಗೆ ಸಾಮಾನು ಅಂದರೆ ಪ್ರಾಣ. ಪ್ರಜೆಗಳು ಅಂದರೆ ಅಷ್ಟಕ್ಕಷ್ಟೆ. ಅದರಲ್ಲಿ ತಪ್ಪೇನಿದೆ ಹೇಳಿ? ಪ್ರಜೆಗಳು ತಾವಾಗಿ ಹುಟ್ಟಿಕೊಳ್ತಾರೆ, ತಾವಾಗಿ ಬೆಳೀತಾರೆ. ಒಂದು ತಾಮ್ರದ ತಂಬಿಗೆ ತಾನಾಗಿ ಹುಟ್ಟುತ್ತಾ? ಯಾರಾದರೂ ಕೂತು ಬಡಿದು ಬಡಿದು ಮಾಡಬೇಕು. ಅದಕ್ಕೇ ರಾಜ ದಿನಾ ಬೆಳಿಗ್ಗೆ ಎದ್ದು ತಂಬಿಗೆಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ರಾಣಿಯ ಯೋಗಕ್ಷೇಮವನ್ನು ಯುಗಾದಿಗೆ ಒಮ್ಮೆ ವಿಚಾರಿಸುತ್ತಿದ್ದ.

ಎಲ್ಲಾ ಸಾಮಾನಿಗಿಂತ ಮುದ್ದಿನದು ಒಂದಿತ್ತು. ಅದು ರಾಜನ ತಾತನ ಹಲ್ಲುಕಡ್ಡಿ. ನಗಬೇಡಿ. ನಿಮ್ಮ ತಾತ ಏನು ಬಿಟ್ಟು ಹೋಗಿದ್ದಾರೆ ಅಂತ ನಾನು ಕೇಳಿದೆನಾ? ಆ ಕಡ್ಡಿಗೆ ಮಖಮಲ್ಲಿನ ದಿಂಬು, ಮೇಲೊಂದು ಗಾಜಿನ ಪೆಟ್ಟಿಗೆ. ಕಡ್ಡಿ ಬೆರಳುದ್ದ, ಪೆಟ್ಟಿಗೆ ಆಳುದ್ದ. ಕಡ್ಡಿಗೆ ಕಾಲು ಚಾಚಬೇಕು ಅನಿಸಿದರೆ ಜಾಗ ಇರಲಿ ಅಂತ ರಾಜನೇ ಹಾಗೆ ಮಾಡಿಸಿದ್ದ.

ಇಂಥ ರಾಜ ಒಂದು ಕಾನೂನು ಮಾಡದೇ ಇರ್ತಾನಾ? ಮಾಡಿದ. ಅರಮನೆಯಲ್ಲಿ ಏನಾದರೂ ಒಡೆದರೆ, ಒಡೆದವರು ಒಡೆದ ಸಾಮಾನಿನ ಜಾಗದಲ್ಲಿ ನಿಲ್ಲತಕ್ಕದ್ದು. ಮಣೆ ಮುರಿದವನು ಮಣೆಯಾಗಿ ಬಗ್ಗಿ ಕೂತಿದ್ದ. ಪರದೆ ಹರಿದವಳು ಕಿಟಕಿಯಲ್ಲಿ ಗಾಳಿ ಬಂದಾಗ ಆಡುತ್ತಿದ್ದಳು, ಗಾಳಿ ಬರದಿದ್ದರೂ ನಿಯತ್ತಿನಿಂದ ಆಡುತ್ತಿದ್ದಳು. ಚೆನ್ನಿಗ ಅನ್ನೋನು ನಿಲುವುಗನ್ನಡಿ ಒಡೆದು ಒಂಬತ್ತು ವರ್ಷದಿಂದ ಕನ್ನಡಿಯಾಗಿದ್ದ. ಎದುರಿಗೆ ಯಾರು ನಿಂತರೆ ಅವರ ಹಾಗೆ ಮಾಡೋದು ಅವನ ಕೆಲಸ. ರಾಜ ಮೀಸೆ ತಿರುವಿದರೆ ಚೆನ್ನಿಗನೂ ತಿರುವುತ್ತಿದ್ದ. ಅವನಿಗೆ ಮೀಸೆ ಇರಲಿಲ್ಲ ಅನ್ನೋದು ಬೇರೆ ಮಾತು. ಪರದೇಶದಿಂದ ಬಂದವರು ಸುತ್ತ ನೋಡಿ, "ಆಹಾ, ನಿಮ್ಮ ಅರಮನೆ ಸಾಮಾನಿಗೆ ಎಂಥಾ ಜೀವಕಳೆ" ಅಂತ ಹೊಗಳಿ ಹೋಗುತ್ತಿದ್ದರು.

ಈಗ ಯೋಚನೆ ಮಾಡಿ. ಸಾಮಾನು ಒಡೆಯೋರು ಯಾರು? ಮುಟ್ಟುವವರು. ಮುಟ್ಟುವವರು ಯಾರು? ಗುಡಿಸಿ, ಸಾರಿಸಿ, ಒರೆಸುವವರು. ಮಂತ್ರಿ ಜೀವಮಾನದಲ್ಲಿ ಒಂದು ಲೋಟ ಎತ್ತಿದವನಲ್ಲ, ಅವನ ಕೈಯಲ್ಲಿ ಏನು ಒಡೆಯುತ್ತೆ? ಹೀಗೆ ಚೊಕ್ಕಟಪುರದ ಗುಡಿಸುವವರೆಲ್ಲ ಒಬ್ಬೊಬ್ಬರಾಗಿ ಸಾಮಾನಾದರು. ಉಳಿದ ಜನಕ್ಕೆ ಭಯ ಹತ್ತಿ, ಏನು ಕೇಳಿದರೂ "ನಾನಲ್ಲ" ಅನ್ನೋದೇ ರೂಢಿಯಾಯಿತು. ಬೀದಿಯಲ್ಲಿ ಎದುರಾದವರು ನಮಸ್ಕಾರ ಅನ್ನುವ ಬದಲು ನಾನಲ್ಲ ಅನ್ನುತ್ತಿದ್ದರು. ಅಲ್ಲಿನ ಕೂಸುಗಳು ಅಮ್ಮ ಅನ್ನೋಕೆ ಮುಂಚೆ ನಾನಲ್ಲ ಅಂತಿದ್ದವಂತೆ.

ಆ ಊರಿನಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳ ಮನೆ ಬಾಗಿಲಿಗೆ ಒಂದು ಹಲಗೆ ತೂಗುಹಾಕಿತ್ತು: ದ್ಯಾವಯ್ಯ ಮತ್ತು ಹೆಂಡತಿ, ಗುಡಿಸುವವರು, ಸಾರಿಸುವವರು, ಒರೆಸುವವರು. ಹೆಂಡತಿ ಇದ್ದಳು. ದ್ಯಾವಯ್ಯ ಹನ್ನೆರಡು ವರ್ಷದಿಂದ ಅರಮನೆಯಲ್ಲಿ ದೀಪದ ಕಂಬವಾಗಿದ್ದ.

ಅದು ಆದದ್ದು ಹೀಗೆ. ಗಂಡ ಹೆಂಡತಿ ಇಬ್ಬರೂ ದರ್ಬಾರು ಒರೆಸುತ್ತಿದ್ದರು. ನಿಂಗಾಜಮ್ಮನ ಮೊಣಕೈ ತಾಕಿ ದಂತದ ದೀಪದ ಕಂಬ ಬಿತ್ತು, ಎರಡು ತುಂಡಾಯಿತು. ಕಾವಲುಗಾರರು ಓಡಿ ಬಂದು "ಯಾರದು?" ಅಂದರು. ಇವಳು ಬಾಯಿ ತೆರೆಯೋಕೆ ಮುಂಚೆ ದ್ಯಾವಯ್ಯ "ನಾನು" ಅಂದುಬಿಟ್ಟ. ಅಷ್ಟೆ. ಅವನ ತಲೆ ಮೇಲೆ ದೀಪ ಇಟ್ಟು ಕಟ್ಟೆ ಮೇಲೆ ನಿಲ್ಲಿಸಿದರು. ಸಾಮಾನು ಮಾತಾಡಬಾರದು ಅಂತ ನಿಯಮ, ಅವನೂ ಮಾತಾಡಲಿಲ್ಲ. ವಾರಕ್ಕೊಮ್ಮೆ ನಿಂಗಾಜಮ್ಮ ಗುಡಿಸೋಕೆ ಹೋದಾಗ ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಅವನ ಮುಖ ಸೆರಗಿನಿಂದ ಒರೆಸುತ್ತಿದ್ದಳು. ಊಟ ಆಯಿತಾ ಅಂತ ಕೇಳೋ ಹಾಗಿಲ್ಲ. ಕಂಬಕ್ಕೆ ಯಾರು ಊಟ ಆಯಿತಾ ಅಂತ ಕೇಳ್ತಾರೆ? ಅವನ ಕಾಲು ಊದಿಕೊಂಡಿದ್ದು ನೋಡಿಕೊಂಡು ಮನೆಗೆ ಬಂದು ಅಳುತ್ತಿದ್ದಳು. ಮಾಡಿದ್ದು ತಾನು, ನಿಂತವನು ಅವನು. ಹನ್ನೆರಡು ವರ್ಷದಿಂದ ಅವಳಿಗೆ ಅನ್ನ ನೆಟ್ಟಗೆ ಗಂಟಲಲ್ಲಿ ಇಳಿದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಡಂಗುರ ಸಾರಿದರು. ತಾತನವರ ಹಲ್ಲುಕಡ್ಡಿಗೆ ನೂರು ವರ್ಷ ತುಂಬುತ್ತೆ, ಗುರುವಾರ ಹುಟ್ಟುಹಬ್ಬ, ಅರಮನೆಯೆಲ್ಲ ಗುಡಿಸಿ ಒರೆಸಬೇಕು, ಹಲ್ಲುಕಡ್ಡಿಯನ್ನೂ ಹೊರಗೆ ತೆಗೆದು ಒರೆಸಬೇಕು. ಯಾರು ಬರಬೇಕು? ನಿಂಗಾಜಮ್ಮನೇ ಬರಬೇಕು. ಅವಳು ಬಿಟ್ಟರೆ ಊರಿನಲ್ಲಿ ಕೈಕಾಲಾಡಿಸಿಕೊಂಡು ಓಡಾಡೋ ಗುಡಿಸುವವರು ಯಾರೂ ಉಳಿದಿರಲಿಲ್ಲ.

ನಿಂಗಾಜಮ್ಮ ತನ್ನ ಮನೆ ಹಜಾರದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಳು.

ಮೂಲೆಯಲ್ಲಿದ್ದ ಪೊರಕೆ ಕೇಳಿತು, "ಏನಾಯ್ತೆ?"

ಪೊರಕೆ ಮಾತಾಡುತ್ತಾ ಅಂತ ಹುಬ್ಬು ಏರಿಸಬೇಡಿ. ಮನುಷ್ಯರೆಲ್ಲ ಸಾಮಾನಾದ ಊರಿನಲ್ಲಿ ಮಾತಾಡೋ ಕೆಲಸ ಯಾರಾದರೂ ಮಾಡಬೇಕಲ್ಲ.

"ನೂರು ವರ್ಷದ ಕಡ್ಡಿ," ಅಂದಳು ನಿಂಗಾಜಮ್ಮ. "ಮುಟ್ಟಿದರೆ ಮುರಿಯುತ್ತೆ. ಮುರಿದರೆ ನಾನೇ ಹಲ್ಲುಕಡ್ಡಿ. ರಾಜರು ಊಟ ಆದ ಮೇಲೆ ನನ್ನ ತಗಂಡು ದವಡೆ ಕೆದಕ್ತಾರೆ. ಅದೂ ಹಾಳಾಗಲಿ. ಅವನಿಗೆ ಎಣ್ಣೆ ಹಾಕೋರು ಯಾರು? ಮುಖ ಒರೆಸೋರು ಯಾರು?"

"ಶಾನುಭೋಗರ ಹತ್ರ ಹೋಗು," ಅಂದಿತು ಪೊರಕೆ. "ಈಗಿನ ಕಾಲದಲ್ಲಿ ಕೈ ಚೆನ್ನಾಗಿದ್ದರೆ ಸಾಲದು ಕಣೆ. ಕೈಯಲ್ಲಿ ಕಾಗದ ಇರಬೇಕು."

ಶಾನುಭೋಗ ರಂಗಪ್ಪಯ್ಯ ಜಗುಲಿ ಮೇಲೆ ಕೂತು ಊರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ. ಅವನು ಬರೆದದ್ದು ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಮರ್ಯಾದೆ.

"ಏನವ್ವ ನಿಂಗಾಜಮ್ಮ," ಅಂದ.

"ನಾನಲ್ಲ ಬುದ್ಧಿ," ಅಂದಳು ರೂಢಿ ಪ್ರಕಾರ. ಆಮೇಲೆ ತನ್ನ ಕಷ್ಟ ಹೇಳಿಕೊಂಡಳು.

ರಂಗಪ್ಪಯ್ಯ ಮೂಗಿನ ಮೇಲೆ ಕನ್ನಡಕ ಏರಿಸಿದ. "ಇದಕ್ಕೆ ಯಾಕೆ ಅಳ್ತೀಯ? ಒಂದು ಮುಚ್ಚಳಿಕೆ ಬರೆದುಕೊಡ್ತೀನಿ. ರಾಜರ ಹೆಬ್ಬೆಟ್ಟು ಹಾಕಿಸಿಕೊ. ಆಮೇಲೆ ಅರಮನೆ ಬಿದ್ದು ಹೋದರೂ ನೀನು ಸೆರಗು ಕೊಡವಿಕೊಂಡು ಬರಬಹುದು."

"ಅದರಲ್ಲಿ ಏನಂತ ಇರುತ್ತೆ ಬುದ್ಧಿ?"

"ಗುಡಿಸುವಾಗ ಒರೆಸುವಾಗ ಏನೇ ಒಡೆಯಲಿ, ಗುಡಿಸುವವರು ಹೊಣೆಯಲ್ಲ. ಹೊಣೆಯೆಲ್ಲ ಸಾಮಾನಿನ ಯಜಮಾನರದೇ. ಹೀಗೆ ಇರುತ್ತೆ."

"ಇದಕ್ಕೆ ರಾಜರು ಒಪ್ತಾರಾ?"

"ರಾಜರು ಓದ್ತಾರಾ ಅಂತ ಕೇಳು."

ನಿಂಗಾಜಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಹಿಂದೆ ಒಡೆದಿದ್ದನ್ನೂ ಸೇರಿಸಬಹುದಾ ಬುದ್ಧಿ?" ಅಂದಳು. ಅವಳು ಬಂದಿದ್ದೇ ಇದನ್ನು ಕೇಳೋಕೆ.

"ಓಹೋ, ಸೇರಿಸಬಹುದು. ಹಿಂದೆ ಒಡೆದದ್ದು, ಈಗ ಒಡೆಯೋದು, ಮುಂದೆ ಒಡೆಯೋದು. ಒಡೆದ ಎಲ್ಲರನ್ನೂ ಬಿಡತಕ್ಕದ್ದು ಅಂತ ಬರೀತೀನಿ. ನಿನ್ನ ಗಂಡ ಬಂದ ಅಂತ ತಿಳಕೊ." ಅವಳ ಕಣ್ಣು ತುಂಬಿ ಬಂತು. ರಂಗಪ್ಪಯ್ಯ ಬೆರಳೆತ್ತಿದ. "ಒಂದೇ ಒಂದು ಮಾತು. ಕೊನೇ ಷರತ್ತು ಇದು. ತಪ್ಪು ನನ್ನದು ಅಂತ ನಿನ್ನ ಬಾಯಲ್ಲಿ ಬರಬಾರದು. ಬಂತೋ, ಮುಚ್ಚಳಿಕೆಯೆಲ್ಲ ರದ್ದು. ಏನಾದರೂ ಆಗಲಿ, ಅಯ್ಯೋ ಅನ್ನು, ಪಾಪ ಅನ್ನು, ಹೀಗಾಗಬಾರದಿತ್ತು ಅನ್ನು. ತಪ್ಪು ನನ್ನದು ಅಂತ ಮಾತ್ರ ಅನ್ನಬೇಡ."

"ಮತ್ತೆ ತಮಗೆ ಏನು ಕೊಡಬೇಕು ಬುದ್ಧಿ?"

"ಮಧ್ಯಾಹ್ನದ ಹೊತ್ತು ಜಗುಲಿಗೆ ಬಿಸಿಲು ಹೊಡೆಯುತ್ತೆ. ಮಂಗಳವಾರ ಮಂಗಳವಾರ ನಿನ್ನ ನೆರಳು ಕಳಿಸು."

ನೆರಳಿಗೆ ಊಟ ಹಾಕಬೇಕಾಗಿಲ್ಲ, ಬಟ್ಟೆ ಕೊಡಬೇಕಾಗಿಲ್ಲ. ನಿಂಗಾಜಮ್ಮ ಒಪ್ಪಿದಳು. ಅವತ್ತೇ ಮಂಗಳವಾರವಾದ್ದರಿಂದ ಅದನ್ನು ಜಗುಲಿಯಲ್ಲಿ ಬಿಟ್ಟು ನೆರಳಿಲ್ಲದ ಮೈಯಲ್ಲಿ ಮನೆಗೆ ಬಂದಳು.

ಮುಚ್ಚಳಿಕೆ ಮೊದಲಿಗೆ ಅಂಗೈ ಅಗಲ ಇತ್ತು. ಇರಲಿ ಅಂತ ಬಿಟ್ಟರೆ ಅಷ್ಟೇ ಇರ್ತಿತ್ತು. ಆದರೆ ಮನೆಗೆ ತಂದು ಗೋಡೆಗೆ ಸಿಕ್ಕಿಸಿದಾಗ ಪೊರಕೆ ಅದನ್ನು ನೋಡಿತು.

"ನಿನಗೆ ಮುಚ್ಚಳಿಕೆ ಆಯ್ತು. ನನಗೆ?" ಅಂದಿತು ಪೊರಕೆ. "ನಾಳೆ ಕಡ್ಡಿ ಮುರಿದರೆ, ಪೊರಕೆ ತಾಕಿತು ಅಂತಾರೆ. ನನಗೆ ಬರೆಸದಿದ್ದರೆ ನಾನು ಮೂಲೆ ಬಿಟ್ಟು ಏಳಲ್ಲ."

ಮತ್ತೆ ಶಾನುಭೋಗರ ಜಗುಲಿಗೆ. ಪೊರಕೆಗೆ ಒಂದು ಷರತ್ತು ಸೇರಿತು. ಪೊರಕೆಗೆ ಸೇರಿದ್ದು ಗೊತ್ತಾಗಿ ಒರೆಸೋ ಬಟ್ಟೆ ಮುಖ ಊದಿಸಿಕೊಂಡಿತು. ಬಟ್ಟೆಗೂ ಸೇರಿತು. ಬಕೆಟ್ಟಿನ ನೀರು, "ನನ್ನಿಂದ ಯಾವುದಾದರೂ ಒದ್ದೆಯಾದರೆ ಅದಕ್ಕೆ ನಾನು ಹೊಣೆಯಲ್ಲ ಅಂತ ಬರೆಸು" ಅಂದಿತು. ಒದ್ದೆ ಮಾಡದ ನೀರನ್ನು ಇಟ್ಟುಕೊಂಡು ಏನು ಮಾಡೋದು ಅಂತ ನಿಂಗಾಜಮ್ಮನಿಗೆ ಕೇಳಬೇಕು ಅನಿಸಿತು. ಕೇಳಲಿಲ್ಲ, ಬರೆಸಿದಳು. ಕೊನೆಗೆ ಧೂಳು ಕೂಡ ಬಂತು. ನನ್ನನ್ನು ಗುಡಿಸಿ ಹಾಕಿ, ನನಗೆ ಅಭ್ಯಂತರ ಇಲ್ಲ, ನಾಳೆ ವಾಪಸು ಬಂದರೆ ಮಾತ್ರ ಕೇಳಬಾರದು ಅಂತ ಅದರ ವಾದ. ಊರಿನಲ್ಲಿ ನ್ಯಾಯವಾಗಿ ಮಾತಾಡಿದ್ದು ಧೂಳು ಒಂದೇ.

ಷರತ್ತು ಸೇರಿದ ಹಾಗೆಲ್ಲ ಕಾಗದಕ್ಕೆ ಕಾಗದ ಅಂಟಿಸಿದರು. ಕಾಗದ, ನಾನು ಹರಿದರೆ ಗತಿಯೇನು ಅಂತ ತನಗೂ ಒಂದು ಬರೆಸಿಕೊಂಡಿತು. ಅಂಟು ಬಿಡುತ್ತಾ? ಅದಕ್ಕೂ ಒಂದು. ಬುಧವಾರ ಸಾಯಂಕಾಲದ ಹೊತ್ತಿಗೆ ಮುಚ್ಚಳಿಕೆ ಏಳು ಮಾರು ಉದ್ದ, ನೂರಾ ಹನ್ನೊಂದು ಷರತ್ತು. ನಿಂಗಾಜಮ್ಮ ಅದನ್ನು ಸಿಂಬೆ ಸುತ್ತಿ ತಲೆ ಮೇಲೆ ಹೊತ್ತುಕೊಂಡು, ಕಂಕುಳಲ್ಲಿ ಪೊರಕೆ ಸಿಕ್ಕಿಸಿಕೊಂಡು, ಗುರುವಾರ ಬೆಳಿಗ್ಗೆ ಅರಮನೆಗೆ ಹೊರಟಳು. ರಂಗಪ್ಪಯ್ಯನೂ ಶಾಯಿ ಕುಡಿಕೆ ಹಿಡಿದು ಹಿಂದೆ ಬಂದ.

ದರ್ಬಾರಿನಲ್ಲಿ ದ್ಯಾವಯ್ಯ ಇದ್ದಲ್ಲೇ ಇದ್ದ. ನಿಂಗಾಜಮ್ಮ ಅವನ ಕಡೆ ನೋಡಿ ಕಣ್ಣಲ್ಲೇ, ಇವತ್ತು ನಿನ್ನ ಕರ್ಕಂಡು ಹೋಗ್ತೀನಿ ಅಂದಳು. ಅವನು ನೆಟ್ಟಗೆ ನಿಂತಿದ್ದ. ದೀಪ ಅಲ್ಲಾಡಬಾರದಲ್ಲ.

"ಇದೇನು ಇಷ್ಟುದ್ದ?" ಅಂದ ಜೋಪಾನರಾಯ ಮುಚ್ಚಳಿಕೆ ನೋಡಿ.

"ಸಣ್ಣದೊಂದು ಕಾಗದ ಪ್ರಭು," ಅಂದ ರಂಗಪ್ಪಯ್ಯ. "ಗುಡಿಸೋಕೆ ಮುಂಚೆ ತಮ್ಮ ಹೆಬ್ಬೆಟ್ಟು ಬೇಕು. ಓದಿ ಹೇಳಲೇ?"

"ಬೇಡ ಬೇಡ. ಓದಿದರೆ ಅಕ್ಷರ ಸವೆಯುತ್ತೆ," ಅಂದ ಜೋಪಾನರಾಯ. ಎಷ್ಟಾದರೂ ಜೋಪಾನದ ಮನುಷ್ಯ. ಶಾಯಿ ಕುಡಿಕೆಯಲ್ಲಿ ಹೆಬ್ಬೆರಳು ಅದ್ದಿ ನೂರಾ ಹನ್ನೊಂದು ಕಡೆ ಒತ್ತಿದ. ಅವನಿಗೆ ತನ್ನ ಹೆಬ್ಬೆಟ್ಟಿನ ಗೆರೆ ನೋಡೋದು ಅಂದರೆ ಬಹಳ ಇಷ್ಟ. ಇನ್ನೂ ನಾಲ್ಕು ಕಡೆ ಸುಮ್ಮಸುಮ್ಮನೆ ಒತ್ತಿದ.

ನಿಂಗಾಜಮ್ಮ ಗುಡಿಸಿದಳು. ಸಾರಿಸಿದಳು. ಚೆನ್ನಿಗನನ್ನು ಒರೆಸಿದಳು, ಅವನು ತಿರುಗಿ ಅವಳನ್ನು ಒರೆಸಿದ ಹಾಗೆ ಮಾಡಿದ. ಪರದೆಯನ್ನು ಕೊಡವಿದಳು, ಅದು ಎರಡು ಸಲ ಕೆಮ್ಮಿತು. ಕೊನೆಗೆ ಕೈ ತೊಳೆದುಕೊಂಡು ಗಾಜಿನ ಪೆಟ್ಟಿಗೆ ತೆರೆದು ಎರಡು ಬೆರಳಲ್ಲಿ ಹಲ್ಲುಕಡ್ಡಿ ಎತ್ತಿ ಒದ್ದೆ ಬಟ್ಟೆ ಹತ್ತಿರ ತಂದಳು.

"ತಡಿಯಮ್ಮ," ಅಂದಿತು ಹಲ್ಲುಕಡ್ಡಿ. ನೂರು ವರ್ಷದ ಗಂಟಲು, ದನಿ ಬಹಳ ಸಣ್ಣದು. "ಏನೋ ಕಾಗದಕ್ಕೆ ಹೆಬ್ಬೆಟ್ಟು ಹಾಕಿದರಲ್ಲ. ನನ್ನ ಮೈ ಮುಟ್ಟೋ ಮುಂಚೆ ಅದರಲ್ಲಿ ಏನಿದೆ ಅಂತ ನನಗೆ ಓದಿ ಹೇಳಬೇಕು. ನಾನು ಈ ಮನೆ ಹಿರಿಯ."

ರಾಜ ಎದ್ದು ನಿಂತು ಕೈ ಮುಗಿದ. ಕಡ್ಡಿಯ ಮಾತು ತಾತನ ಮಾತು, ಓದಿ ಅಂದ. ಅಕ್ಷರ ಸವೆದರೂ ಸವೆಯಲಿ.

ರಂಗಪ್ಪಯ್ಯ ಓದೋಕೆ ಶುರು ಮಾಡಿದ. "ಷರತ್ತು ಒಂದು. ಮೇಲೆ ಹೇಳಿದ ಗುಡಿಸುವವರು ಕೆಳಗೆ ಹೇಳಿದ ಸಾಮಾನನ್ನು ಮೇಲಿನಿಂದಾಗಲೀ ಕೆಳಗಿನಿಂದಾಗಲೀ ಮುಟ್ಟುವ ಕಾಲದಲ್ಲಿ..." ಮಂತ್ರಿ ಎಂಟನೇ ಷರತ್ತಿಗೆ ನಿದ್ದೆ ಹೋದ. ಹತ್ತೊಂಬತ್ತಕ್ಕೆ ರಾಣಿ. ಮಣೆಯಾಗಿದ್ದವನು ಗೊರಕೆ ಹೊಡೆದ, ಮಣೆ ಗೊರಕೆ ಹೊಡೆಯಬಾರದು ಅಂತ ಹೇಳೋಕೂ ಯಾರೂ ಎಚ್ಚರ ಇರಲಿಲ್ಲ. ಹಲ್ಲುಕಡ್ಡಿ ಮಾತ್ರ ಹಟ ಹಿಡಿದು ಕೇಳಿತು. ನೂರು ವರ್ಷ ಒಂಟಿಯಾಗಿ ದಿಂಬಿನ ಮೇಲೆ ಮಲಗಿದ ಕಡ್ಡಿ, ತಾಳ್ಮೆ ಇಲ್ಲದ್ದಲ್ಲ. ಆದರೆ ಎಷ್ಟು ಅಂತ ತಾಳುತ್ತೆ? ಅರವತ್ತಾರನೇ ಷರತ್ತಿನಲ್ಲಿ, ಅಂಟಿನ ಅಂಟುವಿಕೆ ಕುರಿತ ವಿವರಣೆಯ ಉಪವಿವರಣೆ ಬಂದಾಗ, ಅದು ಬಾಯಿ ತುಂಬ ಆಕಳಿಸಿತು. ಆಕಳಿಸಿದ ರಭಸಕ್ಕೆ ನಡು ಮುರಿಯಿತು.

ಟಕ್ ಅಂತ ಒಂದು ಸದ್ದು. ಎಲ್ಲರೂ ಎದ್ದರು.

"ಯಾರು?" ಅಂದ ಜೋಪಾನರಾಯ.

"ನಾನಲ್ಲ, ಎರಡನೇ ಷರತ್ತು," ಅಂದಿತು ಪೊರಕೆ. "ನಾನಲ್ಲ, ಮೂರು," ಅಂದಿತು ಬಟ್ಟೆ. ನೀರು, ಧೂಳು, ಕಾಗದ, ಅಂಟು, ಎಲ್ಲವೂ ತಮ್ಮ ತಮ್ಮ ಷರತ್ತಿನ ಅಂಕೆ ಹೇಳಿ ಕೈ ತೊಳೆದುಕೊಂಡವು. ನೀರು ಕೂಡ ಕೈ ತೊಳೆದುಕೊಂಡಿತು. ನಿಂಗಾಜಮ್ಮ ಶಾನುಭೋಗರು ಕಲಿಸಿದ ಹಾಗೆ, "ಅಯ್ಯೋ ಪಾಪ, ಹೀಗಾಗಬಾರದಿತ್ತು" ಅಂದಳು.

"ಮತ್ತೆ ಯಾರದು ಹೊಣೆ?"

ರಂಗಪ್ಪಯ್ಯ ಗಂಟಲು ಸರಿ ಮಾಡಿಕೊಂಡ. "ಒಂದನೇ ಷರತ್ತಿನ ಪ್ರಕಾರ ಹೊಣೆಯೆಲ್ಲ ಸಾಮಾನಿನ ಯಜಮಾನರದು ಪ್ರಭು. ತಾವೇ ಹೆಬ್ಬೆಟ್ಟು ಹಾಕಿದ್ದೀರಿ."

"ಒತ್ತಿದ್ದು ನಾನಲ್ಲ. ಬೆರಳು."

"ಬೆರಳು ಯಾರದು ಪ್ರಭು?"

ರಾಜ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಪರಿಚಯ ಇಲ್ಲ ಅನ್ನೋ ಹಾಗೆ ನೋಡಿದ. ಆದರೆ ಅದು ಕೈಗೆ ಅಂಟಿಕೊಂಡೇ ಇತ್ತು. ಕಾನೂನು ಅವನದೇ, ಒಡೆದ ಸಾಮಾನಿನ ಜಾಗದಲ್ಲಿ ಹೊಣೆಗಾರ ನಿಲ್ಲತಕ್ಕದ್ದು. ಹಲ್ಲುಕಡ್ಡಿ ಮಲಗಿರುತ್ತಿದ್ದರಿಂದ ರಾಜನೂ ಮಲಗಬೇಕಾಯಿತು. ಕಿರೀಟ ತೆಗೆದಿಟ್ಟು, ಮಖಮಲ್ಲಿನ ದಿಂಬಿಗೆ ತಲೆಯಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ನೀಳವಾಗಿ ಮಲಗಿದ. ಕಾವಲುಗಾರರು ಮುಚ್ಚಳ ಹಾಕಿದರು. ಪೆಟ್ಟಿಗೆ ಅಳತೆ ಮಾಡಿಸಿದ ಹಾಗೆ ಸರಿಹೋಯಿತು ಅಂತ ರಾಣಿ ಸಂತೋಷಪಟ್ಟಳು.

ಇನ್ನು ಹಿಂದೆ ಒಡೆದಿದ್ದರ ಹೊಣೆ. ಅದೂ ಯಜಮಾನರದೇ. ರಾಜ ಮಣೆಯೂ ಆಗಬೇಕು, ಪರದೆಯೂ ಆಗಬೇಕು, ಕನ್ನಡಿಯೂ ಆಗಬೇಕು. ಆದರೆ ಅವನು ಆಗಲೇ ಹಲ್ಲುಕಡ್ಡಿ. ಒಂದು ಸಾಮಾನು ಇನ್ನೊಂದು ಸಾಮಾನಾಗೋದು ಹೇಗೆ? ಆ ಜಾಗಗಳು ಖಾಲಿ ಇರಲಿ ಅಂತ ರಂಗಪ್ಪಯ್ಯ ತೀರ್ಪು ಕೊಟ್ಟ. ಡಂಗುರದವನು ದರ್ಬಾರಿನ ನಡುವೆ ನಿಂತು ಕೂಗಿದ, "ಒಡೆದವರೆಲ್ಲ ಇಳೀರಪ್ಪೋ."

ಆಹಾ, ಆಗ ನೋಡಬೇಕಿತ್ತು. ಮಣೆ ಬೆನ್ನು ನೀವಿಕೊಂಡು ಎದ್ದಿತು. ಪರದೆ ಕಿಟಕಿಯಿಂದಲೇ ಆಚೆಗೆ ಹಾರಿ ಓಡಿದಳು. ಚೆನ್ನಿಗ ಕನ್ನಡಿ ಕಟ್ಟಿನಿಂದ ಇಳಿದು, ಅಭ್ಯಾಸಬಲದಿಂದ ಎದುರಿಗಿದ್ದ ಮಂತ್ರಿಯ ಹಾಗೆ ಒಂದು ಸಲ ಹೊಟ್ಟೆ ಕೆರೆದುಕೊಂಡು, ಆಮೇಲೆ ಬಿದ್ದಂಬೀಳ ಓಡಿದ. ಅವನು ಊರ ಗಡಿ ದಾಟಿದ ಮೇಲೂ ನಿಲ್ಲಲಿಲ್ಲವಂತೆ. ಕಾಲು ಗಂಟೆಯಲ್ಲಿ ಅರಮನೆ ಖಾಲಿ.

ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ. ದೀಪದ ಕಂಬ ಅಲ್ಲೇ ಇತ್ತು.

"ಇಳಿಯಯ್ಯ," ಅಂದಳು ನಿಂಗಾಜಮ್ಮ. "ಮನೆಗೆ ಹೋಗಣ. ಮುದ್ದೆ ಮಾಡಿಟ್ಟು ಬಂದಿವ್ನಿ."

ದ್ಯಾವಯ್ಯ ಹನ್ನೆರಡು ವರ್ಷದ ಮೇಲೆ ಬಾಯಿ ಬಿಟ್ಟ. ದನಿ ತುಕ್ಕು ಹಿಡಿದಿತ್ತು. "ಬರಕಾಗಲ್ಲ ಕಣಮ್ಮಿ."

"ಯಾಕೆ?"

"ಒಡೆದವರು ಇಳೀರಿ ಅಂದ. ನಾನೇನು ಒಡೆದಿದ್ದೀನಿ?"

ನಿಂಗಾಜಮ್ಮ ಕಟ್ಟೆ ಹತ್ತಿರಕ್ಕೆ ಹೋದಳು. "ಒಡೆದೆ ಅಂತ ಹೇಳಿ ತಾನೇ ಹತ್ತಿ ನಿಂತಿದ್ದು?"

"ಸುಳ್ಳು ಹೇಳಿ ನಿಂತೆ. ಒಂದು ಸುಳ್ಳಿಗೆ ಕಾಲು ಹಿಂಗೆ ಊದದೆ. ಇನ್ನೊಂದು ಸುಳ್ಳು ಹೇಳಿ ಇಳಿದರೆ ಇನ್ನೇನು ಊದ್ತದೋ."

ಇಂಥ ನೇರ ಮನುಷ್ಯನನ್ನು ಕಟ್ಟಿಕೊಂಡರೆ ಹೀಗೇ ಆಗೋದು. ನಿಂಗಾಜಮ್ಮ ಶಾನುಭೋಗನ ಕಡೆ ತಿರುಗಿದಳು. ರಂಗಪ್ಪಯ್ಯ ಏಳು ಮಾರನ್ನೂ ಹಾಸಿಕೊಂಡು ಮಂಡಿಯೂರಿ ಹುಡುಕಿದ.

"ಒಡೆದವರನ್ನು ಬಿಡತಕ್ಕದ್ದು ಅಂತ ಇದೆ ಕಣವ್ವ. ಒಡೆಯದವರನ್ನು ಬಿಡತಕ್ಕದ್ದು ಅಂತ ಎಲ್ಲೂ ಇಲ್ಲ. ಏನೂ ಮಾಡದವನಿಗೆ ಬಿಡುಗಡೆ ಕೊಡೋದು ಯಾವ ದೇಶದ ಕಾನೂನಲ್ಲೂ ಇಲ್ಲ."

"ಹಂಗಾದ್ರೆ ಇವನು ಇಲ್ಲೇ ಇರಬೇಕಾ?"

"ಅವನೊಬ್ಬ ಇದ್ದರೆ ಏನೀಗ? ಅರಮನೆಗೆ ಒಂದು ದೀಪವಾದರೂ ಬೇಡವಾ?"

"ಯಾರು ಒಡೆದರು ಅಂತ ನಾನು ಹೇಳಿದರೆ?"

ರಂಗಪ್ಪಯ್ಯ ಗಾಬರಿಯಾಗಿ ಅವಳ ಬಾಯಿಗೆ ಶಾಯಿ ಕೈ ಅಡ್ಡ ಹಿಡಿದ. "ಸುಮ್ನಿರು. ಕೊನೇ ಷರತ್ತು ಮರೆತೆಯಾ? ಆ ಮಾತು ಬಂದರೆ ಇದೆಲ್ಲ ರದ್ದಿ ಕಾಗದ. ಹೊಣೆ ಮತ್ತೆ ನಿನ್ನ ತಲೆಗೆ. ಉಳಿದವರು ಓಡಿ ಹೋದರು, ಬದುಕಿಕೊಂಡರು. ಸಿಕ್ಕಿಬೀಳೋದು ನೀನೊಬ್ಬಳೇ. ಕಂಬವೂ ನೀನೇ, ಹಲ್ಲುಕಡ್ಡಿಯೂ ನೀನೇ. ಹಗಲೆಲ್ಲ ದೀಪ ಹೊತ್ತು ನಿಂತಿರಬೇಕು, ಊಟ ಆದ ಮೇಲೆ ರಾಜರ ದವಡೆಗೆ ಹೋಗಿ ಬರಬೇಕು. ಬೇಕಾ ನಿನಗೆ? ಬಾಯಿ ಮುಚ್ಚಿಕೊಂಡು ಮನೆಗೆ ಹೋಗು. ನಿನ್ನ ಮುಚ್ಚಳಿಕೆ ನಿನ್ನನ್ನು ಕಾಪಾಡುತ್ತೆ."

ನಿಂಗಾಜಮ್ಮ ನೆಲದ ಮೇಲೆ ಹಾಸಿದ್ದ ಕಾಗದ ನೋಡಿದಳು. ಏಳು ಮಾರು, ನೂರಾ ಹನ್ನೊಂದು ಷರತ್ತು, ಅಷ್ಟರಲ್ಲೂ ದ್ಯಾವಯ್ಯನಿಗೆ ಕಾಲು ಇಡೋಕೆ ಜಾಗ ಇರಲಿಲ್ಲ. ಆಮೇಲೆ ಅವನ ಕಾಲು ನೋಡಿದಳು. ಒಬ್ಬಳೇ ಮನೆಗೆ ಹೋಗಿ ಮುದ್ದೆ ಮುರಿಯೋದನ್ನು ನೆನೆಸಿಕೊಂಡಳು. ಅವಳಿಗೆ ಸಾಕಾಗಿ ಹೋಗಿತ್ತು. ಶಾನುಭೋಗನ ಕೈ ಸರಿಸಿ, ದರ್ಬಾರಿಗೆಲ್ಲ ಕೇಳೋ ಹಾಗೆ ಹೇಳಿದಳು.

"ತಪ್ಪು ನನ್ನದು. ಕಂಬ ಒಡೆದವಳು ನಾನು. ಇವನಿಗೆ ನನ್ನ ಮೇಲೆ ಪ್ರಾಣ, ಅದಕ್ಕೆ ತಾನು ಅಂತ ಹೇಳಿ ನಿಂತ. ನಾನು ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದೂ ನನ್ನ ತಪ್ಪೇ."

ಆ ಊರಿನಲ್ಲಿ ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತು ಅಂದರೆ, ಡಂಗುರದವನು ಕಿವಿಗೆ ಕೈಯಿಟ್ಟುಕೊಂಡು "ಏನಂದೆವ್ವಾ? ಯಾವ ಭಾಷೆ?" ಅಂತ ಕೇಳಿದ. ಮುಚ್ಚಳಿಕೆಗೆ ಮಾತ್ರ ಅರ್ಥವಾಯಿತು. ಅದು ನಾನು ರದ್ದು ಅಂತ ಹೇಳಿ ಒಂದು ತುದಿಯಿಂದ ಸುರುಳಿ ಸುತ್ತಿಕೊಂಡು ಉರುಳಿ ಹೋಗಿ ಗೋಡೆ ಹತ್ತಿರ ಬಿದ್ದುಕೊಂಡಿತು.

ಅಷ್ಟರಲ್ಲಿ ದ್ಯಾವಯ್ಯ ತಲೆ ಮೇಲಿನ ದೀಪ ಕೆಳಗಿಟ್ಟು ಕಟ್ಟೆ ಇಳಿದಿದ್ದ. ನಿಂತುಕೊಳ್ಳೋಕೆ ಇನ್ನು ಕಾರಣ ಉಳಿದಿರಲಿಲ್ಲ. ಇಳಿದವನು ನೇರ ಹೆಂಡತಿ ಮೇಲೆ ರೇಗಿದ.

"ಯಾರೇ ನಿನಗೆ ಹೇಳು ಅಂದೋರು? ಹನ್ನೆರಡು ವರ್ಷ ನಾನು ಸುಮ್ಮನೆ ನಿಂತಿದ್ದು ಇದಕ್ಕಾ?"

"ನೀನು ನಿಂತಿದ್ದು ಸಾಕು. ಈಗ ನಾನು ನಿಲ್ತೀನಿ, ಸರಿ ಆಚೆ."

"ನೀನೇನು ನಿಲ್ಲೋದು? ಅವತ್ತು ಕಂಬನ ಅಂಚಿಗೆ ಎಳೆದಿಟ್ಟೋನು ನಾನು. ಅದಕ್ಕೇ ನಿನ್ನ ಮೊಣಕೈ ತಾಕಿದ್ದು. ತಪ್ಪು ನಂದು."

"ಮೊಣಕೈ ಯಾರದು? ನಂದು. ತಪ್ಪೂ ನಂದೇ."

ಇಬ್ಬರೂ ಕಟ್ಟೆ ಹತ್ತೋಕೆ ಹೋಗಿ ಒಬ್ಬರನ್ನೊಬ್ಬರು ಎಳೆದಾಡಿದರು. ಮಂತ್ರಿ ಕಾನೂನು ಪುಸ್ತಕ ತಿರುವಿ ಹಾಕಿದ. ಒಂದು ತಪ್ಪಿಗೆ ಯಾರೂ ಗಿರಾಕಿ ಇಲ್ಲದಿದ್ದರೆ ಏನು ಮಾಡಬೇಕು ಅಂತ ನಲವತ್ತು ಪುಟ ಇತ್ತು. ಇಬ್ಬರು ಗಿರಾಕಿ ಬಂದರೆ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಕಿತ್ತಾಡುತ್ತಾ ಕಿತ್ತಾಡುತ್ತಾ ಗಂಡ ಹೆಂಡತಿ ಇಬ್ಬರೂ ಬಾಗಿಲ ಕಡೆ ಸರಿದರು.

ಗಾಜಿನ ಪೆಟ್ಟಿಗೆಯೊಳಗಿಂದ ಜೋಪಾನರಾಯ ಕೂಗಿದ. "ಮುಚ್ಚಳಿಕೆ ರದ್ದಾಯಿತು, ನಾನು ಈಗ ಹಲ್ಲುಕಡ್ಡಿ ಅಲ್ಲ. ಪೆಟ್ಟಿಗೆ ತೆಗೀರಿ. ಅವರನ್ನು ಹಿಡೀರಿ."

ಕಾವಲುಗಾರರು ಇಬ್ಬರಿದ್ದರು. ಒಬ್ಬ ಇನ್ನೊಬ್ಬನ ಮುಖ ನೋಡಿದ.

"ಹಿಡಿಯೋಕೆ ಹೋಗಿ ಅವರ ಕೈ ಉಳುಕಿದರೆ ಯಾರು ಹೊಣೆ?" ಅಂದ ಮೊದಲನೆಯವನು.

"ನಾನಲ್ಲ," ಅಂದ ಎರಡನೆಯವನು. "ಪೆಟ್ಟಿಗೆ ತೆಗೆಯುವಾಗ ಗಾಜು ಒಡೆದರೆ? ಗಾಜು ಒಡೆದವನು ಗಾಜಾಗಿ ನಿಲ್ಲಬೇಕು. ಒಳಗಿರೋ ರಾಜರು ಅವನ ಮೈಯೊಳಗಿಂದ ಆಚೆಗೆ ಕಾಣಬೇಕು. ಅದು ಯಾವನ ಕೈಲಾಗುತ್ತೆ?"

ಹಾಗಾಗಿ ಇಬ್ಬರೂ ಶಾನುಭೋಗನ ಹತ್ತಿರ ಹೋಗಿ, ನಮಗೂ ಒಂದು ಮುಚ್ಚಳಿಕೆ ಬರೆದುಕೊಡಿ, ಹೆಬ್ಬೆಟ್ಟು ಬಿದ್ದ ಮೇಲೆ ಹಿಡೀತೀವಿ, ತೆಗೀತೀವಿ ಅಂದರು. ರಂಗಪ್ಪಯ್ಯ ಖುಷಿಯಿಂದ ಹೊಸ ಕಾಗದ ತೆಗೆದ. ಕಾವಲುಗಾರರ ಈಟಿ ತನಗೂ ಒಂದು ಷರತ್ತು ಬೇಕು ಅಂದಿತು. ಈಟಿಯ ತುದಿ ತನ್ನದು ಬೇರೆ ಅಂದಿತು. ಹೆಬ್ಬೆಟ್ಟು ಹಾಕಬೇಕಾದ ರಾಜ ಪೆಟ್ಟಿಗೆಯೊಳಗೆ, ಪೆಟ್ಟಿಗೆ ತೆಗೆಯೋಕೆ ಹೆಬ್ಬೆಟ್ಟು ಬೇಕು. ಅವರು ಇನ್ನೂ ಬರೀತಾನೇ ಇದ್ದಾರೆ ಅಂತ ಕೇಳಿದ್ದೀನಿ.

ನಿಂಗಾಜಮ್ಮ, ದ್ಯಾವಯ್ಯ ಅಷ್ಟು ಹೊತ್ತಿಗೆ ಬೀದಿಯಲ್ಲಿದ್ದರು. ಊದಿದ ಕಾಲಿನವನು ಅವಳ ಹೆಗಲ ಮೇಲೆ ಭಾರ ಹಾಕಿ ನಡೆಯುತ್ತಿದ್ದ, ಅವಳು ಅವನ ಸೊಂಟ ಹಿಡಿದಿದ್ದಳು, ಬಾಯಿ ಮಾತ್ರ ಇಬ್ಬರದೂ ನಿಂತಿರಲಿಲ್ಲ. "ನಂದು" ಅಂತಾನೆ ಇವನು. "ಮುಚ್ಚು, ನಂದು" ಅಂತಾಳೆ ಅವಳು. ಚೊಕ್ಕಟಪುರದ ಜನ ಕಿಟಕಿ ತೆರೆದು ಇಣುಕಿ ನೋಡಿದರು. ಅವರಿಗೆ ತಲೆಬುಡ ತಿಳಿಯಲಿಲ್ಲ. "ಯಾವುದೋ ದೊಡ್ಡ ಆಸ್ತಿನೇ ಇರಬೇಕು ಕಣೇ," ಅಂದ ಒಬ್ಬ ಮುದುಕ ತನ್ನ ಹೆಂಡತಿಗೆ ಕೇಳೋ ಹಾಗೆ. "ಇಲ್ಲದಿದ್ದರೆ ಗಂಡ ಹೆಂಡತಿ ಹಿಂಗೆ ನಂದು ನಂದು ಅಂತ ಬಡಿದಾಡ್ತಾರಾ?"

ಅವರು ಮನೆಗೆ ಹೋದರು, ತಣ್ಣಗಾದ ಮುದ್ದೆ ಉಂಡರು. ನಾವು ಇಲ್ಲೇ ಉಳಿದೆವು, ನಮಗೆ ಮುದ್ದೆ ಸಿಗಲಿಲ್ಲ. ಇದರ ನೀತಿ ಏನು ಅಂತ ಹಿಂದೆ ಕೂತವರು ಯಾರೋ ಕೇಳ್ತಾ ಇದ್ದೀರಿ. ನೀತಿ ಇದೆ, ಇಲ್ಲ ಅಂತ ನಾನು ಹೇಳಲ್ಲ. ಆದರೆ ಈ ಕತೆ ಕೇಳಿ ನಿಮ್ಮಲ್ಲಿ ಯಾರಿಗಾದರೂ ಬುದ್ಧಿ ಬಂದರೆ ಅದಕ್ಕೆ ನಾನು ಹೊಣೆಯಲ್ಲ, ಈಗಲೇ ಹೇಳಿಬಿಟ್ಟಿದ್ದೀನಿ.